ಅಡಿಗೆಮನೆ ಬಾಗಿಲಿನಿಂದ ಕಾಣದ ಬೋರ್ಡು

2022ರಲ್ಲಿ ನಾನು ದಾವಣಗೆರೆಯ ಮಂಡಿಪೇಟೆ ಹತ್ತಿರದ ಒಂದು ಎಲೆಕ್ಟ್ರಾನಿಕ್ಸ್ ಮಳಿಗೆಯಲ್ಲಿ ಹಿರಿಯ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ, ಮಾರಿದ ಟೀವಿ ಕೆಟ್ಟಿತೆಂದು ಫೋನ್ ಬಂದಾಗ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಡುವುದು. ಪಿಕ್ಚರ್ ಟ್ಯೂಬಿನ ಕಾಲದಿಂದಲೂ ಈ ಕಸುಬಿನಲ್ಲಿದ್ದವನು ನಾನು. ಟೀವಿ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಿಲ್ಲ ಎಂಬ ಜಂಬವಿತ್ತು. ಅದು ಇಳಿದದ್ದು ಹರಿಹರ ತಾಲ್ಲೂಕಿನ ಭಾನುವಳ್ಳಿಯಲ್ಲಿ.

ಅಲ್ಲಿನ ರೈತ ಹನುಮಂತಪ್ಪನವರು ನಮ್ಮಲ್ಲಿ 43 ಇಂಚಿನ ಟೀವಿ ಕೊಂಡಿದ್ದರು. ಕೊಂಡದ್ದು ಸೊಸೆ ರೇಣುಕಾಳ ಸಲುವಾಗಿ. ಬಿ.ಎಡ್. ಮುಗಿಸಿದ್ದ ಆಕೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದಳು. ದಿನಾ ಸಂಜೆ ಆರರಿಂದ ಎಂಟರವರೆಗೆ ಗಣಿತದ ಲೈವ್ ಕ್ಲಾಸು; ಆ ಎರಡು ತಾಸು ಟೀವಿಯನ್ನು ಮಾವನೇ ಅವಳಿಗೆ ಬಿಟ್ಟುಕೊಟ್ಟಿದ್ದರು. ಪರೀಕ್ಷೆಗೆ ಎರಡೇ ತಿಂಗಳಿತ್ತು. ಅಷ್ಟರಲ್ಲಿ ದೂರು ಬಂತು: ಟೀವಿಯಲ್ಲಿ ಪಾಠದ ಬೋರ್ಡು ಕಾಣುವುದಿಲ್ಲ.

ಒಂದು ಮಧ್ಯಾಹ್ನ ಹೋದೆ. ಟೀವಿ ಎದುರು ನಿಂತು ಚಾನೆಲ್ ಬದಲಿಸಿ ನೋಡಿದೆ. ಚಿತ್ರ ಮುತ್ತಿನಂತಿತ್ತು. ಜಾಬ್ ಶೀಟಿನಲ್ಲಿ, ಅಂದರೆ ನಾವು ಪ್ರತಿ ಮನೆಯಲ್ಲೂ ತುಂಬಿ ಸಹಿ ಹಾಕಿಸಿಕೊಳ್ಳುವ ವರದಿಯಲ್ಲಿ, 'ದೋಷ ಕಂಡುಬಂದಿಲ್ಲ' ಎಂದು ಬರೆದೆ. ವಾರದೊಳಗೆ ಮತ್ತೆ ದೂರು, ಮತ್ತೆ ಅದೇ ಪರೀಕ್ಷೆ, ಅದೇ ವರದಿ. ಈ ಸಲ ಸಿಟ್ಟೂ ಬಂದಿತ್ತು. "ಟೀವಿ ಸರಿ ಐತೆ ಕಣಮ್ಮ, ನಿನ್ನ ಕಣ್ಣು ತೋರಿಸ್ಕೋ ಹೋಗು" ಎಂದುಬಿಟ್ಟೆ. ಹೇಳಬಾರದಿತ್ತು. ಇವತ್ತಿಗೂ ನಾಚಿಕೆಯಾಗುತ್ತದೆ.

ಅವಳು ನಿಜವಾಗಿಯೂ ಹರಿಹರಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬಂದಳು. ಮೂರನೆಯ ಸಲ ನನ್ನನ್ನು ಕರೆಸಿದಾಗ ಸಂಜೆ ಆರಕ್ಕೇ ಬರಬೇಕೆಂದು ಹಟ ಹಿಡಿದಳು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆನೋ ಇಲ್ಲವೋ, ವೈದ್ಯರ ಚೀಟಿ ಮುಂದೆ ಹಿಡಿದಳು.

"ಕಣ್ಣಿಗೆ ಏನೂ ಆಗಿಲ್ವಂತ್ರಿ. ಈಗ ಟೀವಿಗೆ ಏನಾಗೈತೆ ಹೇಳ್ರಿ."

ನಾನು ಅಭ್ಯಾಸಬಲದಿಂದ ಟೀವಿಯ ಎದುರಿಗೆ ಹೋಗಿ ನಿಂತೆ.

"ಅಲ್ಲಿ ನಿಂತು ನೋಡಬ್ಯಾಡ್ರಿ ಸರ್. ಇಲ್ಲಿ ಬಂದು ಕೂಡ್ರಿ."

ಅವಳು ತೋರಿಸಿದ್ದು ಅಡಿಗೆಮನೆಯ ಹೊಸ್ತಿಲಿನಾಚೆ, ನೆಲದ ಮೇಲಿನ ಒಲೆಯ ಪಕ್ಕ. ಸಂಜೆ ಆರರಿಂದ ಎಂಟು ಆ ಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತು. ಅವಳು ರೊಟ್ಟಿ ಬಡಿಯುತ್ತ, ತೆರೆದ ಬಾಗಿಲಿನಿಂದ ಹಜಾರದ ಟೀವಿಯನ್ನು ಓರೆಯಾಗಿ ನೋಡುತ್ತ ಪಾಠ ಕೇಳುತ್ತಿದ್ದಳು. ಇಷ್ಟು ವರ್ಷ ಸಾವಿರಾರು ಮನೆ ಹೊಕ್ಕಿದ್ದೆ. ಯಾವ ಅಡಿಗೆಮನೆಯೊಳಗೂ ಕೂತು ಟೀವಿ ನೋಡಿದವನಲ್ಲ. ಅಂದು ಕೂತೆ. ಕರಿ ಬೋರ್ಡು ಬೂದಿ ಬಳಿದಂತೆ ಬಿಳಿಚಿಕೊಂಡಿತ್ತು. ಮೇಷ್ಟ್ರು ಬರೆದ ತೆಳುವಾದ ಅಕ್ಷರಗಳು ಅದರಲ್ಲಿ ಕರಗಿಹೋಗಿದ್ದವು. ಭಿನ್ನರಾಶಿಯ ಲೆಕ್ಕದಲ್ಲಿ ಮೇಲಿನ ಅಂಕಿ ಯಾವುದು, ಕೆಳಗಿನದು ಯಾವುದು, ನನಗೂ ತಿಳಿಯಲಿಲ್ಲ.

ಆದರೂ ಜಂಬ ಪೂರ್ತಿ ಇಳಿದಿರಲಿಲ್ಲ ನೋಡಿ. "ಸ್ವಲ್ಪ ಈಚೆ ಬಂದು ಕೂತರಾಯ್ತಲ್ಲಮ್ಮ" ಎಂದೆ.

"ನಾನು ಈಚೆ ಬಂದ್ರ ರೊಟ್ಟಿ ಆಚೆ ಹೊತ್ತುತಾವಲ್ರಿ" ಎಂದಳು.

ಟೀವಿಯನ್ನೇ ತಿರುಗಿಸೋಣವೆಂದರೆ ಅದು ಗೋಡೆಯೊಳಗೆ ಕಟ್ಟಿಸಿದ ಶೋಕೇಸಿನಲ್ಲಿ ಅಳತೆಗೆ ಸರಿಯಾಗಿ ಕೂತಿತ್ತು.

ಇಲ್ಲಿ ಒಂದು ಮಾತು ವಿವರಿಸಬೇಕು. ಎಲ್‌ಇಡಿ ಟೀವಿ ಎಂದು ನಾವು ಮಾರುವುದು ಒಳಗೆ ಎಲ್‌ಸಿಡಿಯೇ. ಹಿಂದೆ ಎಲ್‌ಇಡಿ ದೀಪ, ಮುಂದೆ ಆ ಬೆಳಕನ್ನು ಬೇಕಾದಷ್ಟೇ ಬಿಡುವ ಪದರ. ಈ ಪದರದಲ್ಲಿ ಮುಖ್ಯವಾಗಿ ಎರಡು ಜಾತಿ. ವಿಎ ಪ್ಯಾನೆಲ್ ಬೆಳಕನ್ನು ಬಿಗಿಯಾಗಿ ತಡೆಯುತ್ತದೆ, ಕಪ್ಪು ಗಾಢವಾಗಿ ಕಾಣುತ್ತದೆ, ಆದರೆ ಎದುರಿಗೆ ಕೂತವರಿಗೆ ಮಾತ್ರ. ಪಕ್ಕಕ್ಕೆ ಸರಿದಷ್ಟೂ ಚಿತ್ರ ಬಿಳಿಚುತ್ತದೆ. ಐಪಿಎಸ್ ಪ್ಯಾನೆಲಿನಲ್ಲಿ ಕಪ್ಪು ಕೊಂಚ ಬೂದು. ಆದರೆ ಓರೆಯಿಂದ ನೋಡಿದರೂ ಚಿತ್ರ ಅಷ್ಟಾಗಿ ಕೆಡುವುದಿಲ್ಲ. ಹನುಮಂತಪ್ಪನವರಿಗೆ ಮಾರಿದ್ದು ವಿಎ. ಮಳಿಗೆಯಲ್ಲಿ ಅವರೂ ಮಗನೂ ಎದುರಿಗೆ ನಿಂತು ನೋಡಿ ಮೆಚ್ಚಿದ್ದರು. ಓರೆಯಿಂದ ನೋಡಬೇಕಾದವಳನ್ನು ಯಾರೂ ಕರೆದುಕೊಂಡು ಬಂದಿರಲಿಲ್ಲ, ನಾವೂ ಕೇಳಿರಲಿಲ್ಲ.

ಆ ದಿನದ ಜಾಬ್ ಶೀಟಿನಲ್ಲಿ ಬರೆದೆ: 'ಟೀವಿಯಲ್ಲಿ ದೋಷವಿಲ್ಲ. ಆರಿಸಿ ಕೊಟ್ಟ ನಮ್ಮಲ್ಲಿ ದೋಷವಿದೆ. ಐಪಿಎಸ್ ಸೆಟ್ ಬದಲಿಸಿಕೊಡಬೇಕು.'

ಮ್ಯಾನೇಜರ್ ಹೌಹಾರಿದರು. ಕೆಡದ ಟೀವಿಯನ್ನು ಕಂಪನಿ ವಾಪಸ್ ಪಡೆಯುವುದಿಲ್ಲ ಎಂದರು. ಬಳಿಕ ದನಿ ತಗ್ಗಿಸಿ, "ಅಷ್ಟೂ ಬೇಕಂದ್ರೆ 55 ಇಂಚಿನ ಒಎಲ್‌ಇಡಿ ತಗೊಳ್ಳೋಕೆ ಹೇಳ್ರಿ. ಯಾವ ಕಡೆಯಿಂದ ನೋಡಿದ್ರೂ ಕಾಣುತ್ತೆ" ಎಂದರು.

ಅದು ಸುಳ್ಳಲ್ಲ. ಒಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುವುದರಿಂದ ಓರೆಯ ತೊಂದರೆ ಇಲ್ಲವೇ ಇಲ್ಲ. ಆದರೆ ಅದನ್ನು ಇಡಲು ಶೋಕೇಸ್ ಒಡೆಯಬೇಕು. ದಿನವೂ ಕ್ಲಾಸಿನ ಅದೇ ಲೋಗೋ ಅದೇ ಮೂಲೆಯಲ್ಲಿ ತಾಸುಗಟ್ಟಲೆ ನಿಂತರೆ ಕ್ರಮೇಣ ಅದರ ಕಲೆ ಉಳಿಯುವ ಭಯ ಬೇರೆ. ನಮ್ಮ ತಪ್ಪಿಗೆ ಆ ಮನೆಯವರು ಗೋಡೆ ಒಡೆಸಬೇಕೇ?

"ಹೇಳಲ್ಲ ಸರ್" ಎಂದೆ. ಹನುಮಂತಪ್ಪನವರಿಗೆ ಫೋನ್ ಮಾಡಿ, ಭಾನುವಾರ ಸೊಸೆಯನ್ನೂ ಕರೆದುಕೊಂಡು ಬನ್ನಿ ಎಂದೆ.

ಭಾನುವಾರ ಮಳಿಗೆ ತುಂಬಿತ್ತು. ಐಪಿಎಸ್ ಎಡಕ್ಕೆ, ವಿಎ ಬಲಕ್ಕೆ, ಎರಡನ್ನೂ ಅಕ್ಕಪಕ್ಕ ಇಟ್ಟು ರೇಣುಕಾಳ ಗಣಿತದ ಪಾಠವನ್ನೇ ಹಾಕಿದೆ. ಮ್ಯಾನೇಜರ್ ಎದುರಿಗೆ ನಿಂತು, ಎರಡೂ ಚೆನ್ನಾಗಿವೆ ಎಂದರು. ರೇಣುಕಾ ಹೋಗಿ ಪಕ್ಕದ ಗೋಡೆಗೆ ಆತು ನೆಲದ ಮೇಲೆ ಕೂತಳು.

"ಇಲ್ಲಿ ಕೂಡ್ರಿ ಸರ್. ನಾನು ದಿನಾ ಎರಡು ತಾಸು ಕೂಡ್ತೀನಿ. ನೀವು ಎರಡು ನಿಮಿಷ ಕೂಡ್ರಿ."

ಮ್ಯಾನೇಜರ್ ಸುತ್ತ ನೋಡಿದರು. ಗಿರಾಕಿಗಳು ಆಗಲೇ ಗುಂಪುಗೂಡಿದ್ದರು. ಇಸ್ತ್ರಿ ಮಾಡಿದ ಪ್ಯಾಂಟು ಮೇಲಕ್ಕೆಳೆದುಕೊಂಡು ನೆಲಕ್ಕೆ ಕೂತರು. "ಬಲಗಡೆ ಟೀವಿಯಾಗ ಏನು ಬರ್ದೈತೆ ಓದ್ರಿ ನೋಡಾನ" ಎಂದರು ಹನುಮಂತಪ್ಪ. ಮ್ಯಾನೇಜರ್ ಕಣ್ಣು ಕಿರಿದು ಮಾಡಿದರು, ಕತ್ತು ಚಾಚಿದರು, ಓದಲಾಗಲಿಲ್ಲ. ಅಲ್ಲಿದ್ದ ಹೆಂಗಸೊಬ್ಬಳು ಗಂಡನನ್ನು ತಿವಿದು, "ನಮ್ಮನೀದು ಹಿಂಗೇ ಕಾಣ್ತೈತಲ್ಲ, ನಾನು ಹೇಳಿದ್ರ ನಗ್ತಿದ್ರಿ" ಎಂದಳು. ನನಗೆ ಒಳಗೊಳಗೇ ಹಬ್ಬ.

ಅಷ್ಟು ಗಿರಾಕಿಗಳ ಎದುರು ಮ್ಯಾನೇಜರ್ ಬದಲಿಸಿಕೊಡಲು ಒಪ್ಪಲೇಬೇಕಾಯಿತು. ಮರುದಿನವೇ ಅದೇ ಅಳತೆಯ ಐಪಿಎಸ್ ಸೆಟ್ ಭಾನುವಳ್ಳಿಗೆ ಹೋಯಿತು. ಅದರ ಮರುದಿನ ನನ್ನ ಮೇಜಿಗೆ ಮೆಮೊ ಬಂತು: ಗ್ರಾಹಕರ ಮುಂದೆ ಮಳಿಗೆಯ ಮಾಲನ್ನು ಹಗುರ ಮಾಡಿದ್ದಕ್ಕೆ ವಿವರಣೆ ಕೊಡಿ. ನಾನು ಕೊಟ್ಟ ಉತ್ತರ ಇಷ್ಟು: 'ಮಾಲು ಒಳ್ಳೆಯದೇ. ಆ ಮನೆಗೆ ಅದನ್ನು ಮಾರಿದ್ದು ತಪ್ಪು. ಕೂತು ನೋಡದೆ ಎರಡು ಸಲ ವರದಿ ಬರೆದವನು ನಾನು. ಮೆಮೊ ಕೊಡುವುದಿದ್ದರೆ ಅದಕ್ಕೆ ಕೊಡಿ.' ಆ ವರ್ಷ ನನಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಹೋದರೆ ಹೋಗಲಿ, ಆ ಉತ್ತರವನ್ನು ಇವತ್ತು ಕೇಳಿದರೂ ಒಂದಕ್ಷರ ಬದಲಿಸದೆ ಬರೆದುಕೊಡುತ್ತೇನೆ.

ಈಗ ಆವರಗೆರೆಯಲ್ಲಿ ನನ್ನದೇ ಪುಟ್ಟ ರಿಪೇರಿ ಅಂಗಡಿ ಇದೆ. ಯಾವ ಟೀವಿ ಕೊಳ್ಳಲಿ ಎಂದು ಕೇಳಿ ಬರುವವರು ಇಂಚು, 4ಕೆ, ಎಚ್‌ಡಿಆರ್ ಎಂದು ಶುರು ಮಾಡುತ್ತಾರೆ. ಮನೆಯಲ್ಲಿ ಯಾರು ಎಲ್ಲಿ ಕೂತು ನೋಡುತ್ತಾರೆ ಎಂದು ನಾನು ಮೊದಲು ಕೇಳುತ್ತೇನೆ. ಅದಕ್ಕೆ ಉತ್ತರ ಗೊತ್ತಿಲ್ಲದವರನ್ನು ಮನೆಗೆ ಹೋಗಿ ಕೇಳಿಕೊಂಡು ಬನ್ನಿ ಎಂದು ವಾಪಸ್ ಕಳಿಸುತ್ತೇನೆ. ಕೆಲವರು ಬೈದುಕೊಂಡು ಹೋಗುತ್ತಾರೆ.

ರೇಣುಕಾ ಆ ಸಲ ಪಾಸಾಗಲಿಲ್ಲ. ಫಲಿತಾಂಶ ಬಂದ ದಿನ ಅವಳೇ ಫೋನ್ ಮಾಡಿ ಹೇಳಿದಳು. ನಾನು ಸಮಾಧಾನ ಹೇಳಹೊರಟರೆ ಅವಳೇ ಮಾತು ತಡೆದಳು.

"ಬೇಜಾರು ಮಾಡ್ಕೋಬ್ಯಾಡ್ರಿ ಸರ್. ಈ ಸಲ ಬೋರ್ಡು ಪೂರ್ತಿ ಕಾಣ್ತಿತ್ತು. ಲೆಕ್ಕ ತಪ್ಪು ಮಾಡಿದ್ದು ನಾನೇ. ತಿದ್ಕೊಂಡು ಮತ್ತೆ ಬರೀತೀನಿ."