ಕತ್ತರಿಯಕ್ಕನ ತೊಂಬತ್ತೊಂದು ಸೆಕೆಂಡು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಅಡುಗೆಮನೆಯ ಕಟ್ಟೆಯ ಮೇಲೆ ಹಣ್ಣು ಒಣಗಿಸುವ ಪೆಟ್ಟಿಗೆಯೊಂದು ಸಣ್ಣಗೆ ಗುಂಯ್‌ಗುಡುತ್ತಿದೆ. ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತ ಅರವತ್ತೇಳು ವರ್ಷದ ಹೆಂಗಸು ಗಾಜಿನಾಚೆಯ ಥರ್ಮಾಮೀಟರಿನಿಂದ ಕಣ್ಣು ಕೀಳುತ್ತಿಲ್ಲ. ಐವತ್ತನಾಲ್ಕು ಡಿಗ್ರಿ. ಜಾಸ್ತಿಯಾದರೆ ಸುರುಳಿ ಸೊಟ್ಟಗಾಗುತ್ತದೆ, ಕಡಿಮೆಯಾದರೆ ಹದಕ್ಕೆ ಬರುವುದಿಲ್ಲ. ಒಳಗಿರುವುದು ಹಣ್ಣಲ್ಲ, ಹಳೆಯ ಟೇಪು.

"ಪಕ್ಕದ ಮನೆಯಾಕೆ, ದಿನಾ ಏನ್ರೀ ಬೇಯಿಸ್ತೀರಾ, ನಮಗೂ ಒಂದು ಬಟ್ಟಲು ಕಳಿಸಿ ಅಂತಾರೆ. ಕಳಿಸ್ತೀನಿ ತಾಳಿ, ಹಲ್ಲು ಗಟ್ಟಿ ಇದೆಯಾ ಅಂತ ಕೇಳ್ತೀನಿ" ಎಂದು ನಗುತ್ತಾರೆ.

ಮೂವತ್ತು ನಲವತ್ತು ವರ್ಷ ಕಳೆದ ಟೇಪು ಗಾಳಿಯ ತೇವ ಕುಡಿದು ಅಂಟಂಟಾಗುತ್ತದೆ. ಹಾಗೆಯೇ ಮಷೀನಿಗೆ ಹಾಕಿದರೆ ಅದರ ಮೈಮೇಲಿನ ಕಂದು ಲೇಪ, ಎಂದರೆ ಹಾಡೇ, ಕಿತ್ತು ಬರುತ್ತದೆ. ಎಂಟು ಗಂಟೆ ಹದವಾದ ಶಾಖ ಕೊಟ್ಟು, ಅಷ್ಟೇ ಹೊತ್ತು ಆರಲು ಬಿಟ್ಟರೆ ಟೇಪಿಗೆ ಕೆಲವು ದಿನ ಮರುಜೀವ ಬರುತ್ತದೆ. ಅಷ್ಟರಲ್ಲಿ ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ವಾರಕ್ಕೆ ಆರು ಸುರುಳಿಯಂತೆ ಹದಿನಾಲ್ಕು ವರ್ಷದಿಂದ ಇವರು ಇದೇ ಕೆಲಸ ಮಾಡುತ್ತಿದ್ದಾರೆ. ಯಾರದೋ ತಾಯಿಯ ದನಿ, ಯಾವುದೋ ಮುಚ್ಚಿಹೋದ ರೇಡಿಯೋದ ನಾಟಕ, ಯಾರಿಗೂ ನೆನಪಿಲ್ಲದ ಭಾಷಣ, ಎಲ್ಲ ಈ ಕಟ್ಟೆಯ ಮೇಲಿಂದಲೇ ಎದ್ದು ಹೋಗಿವೆ.

ಇವತ್ತಿನ ಸುರುಳಿ ಮಾತ್ರ ಗಿರಾಕಿಯದಲ್ಲ. ನೂರಹದಿನಾಲ್ಕು ಅಡಿ ಟೇಪು, ತೊಂಬತ್ತೊಂದು ಸೆಕೆಂಡು. ಮೂವತ್ತಾರು ವರ್ಷ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಅದನ್ನು ಕತ್ತರಿಸಿದ್ದು ಇವರೇ.

ಆಗ ಇವರು ನಗರದ ದೊಡ್ಡ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಟೇಪು ಕತ್ತರಿಸಿ ಅಂಟಿಸುವ ಕೆಲಸದಲ್ಲಿದ್ದರು. ಹಳದಿ ಪೆನ್ಸಿಲಿನಲ್ಲಿ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕೊಯ್ದು, ಬೇಡದ ತುಂಡನ್ನು ಕೊರಳಿಗೆ ಹಾಕಿಕೊಂಡು ಓಡಾಡುತ್ತಿದ್ದ ಇವರಿಗೆ ಅಲ್ಲಿಯವರಿಟ್ಟ ಹೆಸರು ಕತ್ತರಿಯಕ್ಕ. ಕತ್ತರಿಯನ್ನು ಮುಟ್ಟಿದವರೇ ಅಲ್ಲ, ಆದರೂ ಹೆಸರು ಅಂಟಿತು. ಹಾಡಿನ ನಡುವಿನ ಕೆಮ್ಮನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುತ್ತಿದ್ದರು. ದಿನಕ್ಕೆ ಅರವತ್ತು ಜೋಡಣೆ, ಒಂದೂ ಕಿವಿಗೆ ಸಿಗುತ್ತಿರಲಿಲ್ಲ.

ಆ ಸ್ಟುಡಿಯೋಗೆ ಇವರ ತಮ್ಮ ತನ್ನ ಮೂವರು ಗೆಳೆಯರನ್ನು ಕಟ್ಟಿಕೊಂಡು ಬಂದ. ಕೀಬೋರ್ಡು, ಗಿಟಾರು, ಬೇಸ್ ಗೆಳೆಯರದು, ಡ್ರಮ್ಮು ಇವನದು. ನಾಲ್ವರೂ ಒಂದೇ ಕಾದಂಬರಿಯನ್ನು ಓದಿ ತಲೆ ಕೆಡಿಸಿಕೊಂಡಿದ್ದರು. ಪ್ರಜೆಗಳ ಮಾತನ್ನೆಲ್ಲ ರಾಜನೊಬ್ಬ ತೆರಿಗೆಯಾಗಿ ವಸೂಲು ಮಾಡಿಕೊಂಡ ನಾಡಿನಲ್ಲಿ, ಹುಡುಗಿಯೊಬ್ಬಳು ತುಟಿ ಪಿಟಕ್ಕೆನ್ನದೆ ಏಳು ಸೇತುವೆ ದಾಟುವ ಕಥೆ ಅದು. ಮಾತಿಲ್ಲದ ನಾಡಿನ ಕಥೆಗೆ ಹಾಡುವವನೇಕೆ? ಬರೀ ವಾದ್ಯಗಳ ರಾಕ್ ಸಂಗೀತದಲ್ಲಿ ಇಡೀ ಕಾದಂಬರಿಯನ್ನು ಹೇಳುತ್ತೇವೆಂದು ಹೊರಟರು. ಒಂದೊಂದು ಸೇತುವೆಗೂ ಒಂದೊಂದು ತಾಳ, ಐದು ಎಣಿಕೆಯದೊಂದು, ಏಳರದೊಂದು, ಹನ್ನೊಂದರದೊಂದು.

"ಮೂರು ದಿನ ನುಡಿಸಿದ್ರು. ನಂಗೆ ತಲೆಬುಡ ಅರ್ಥ ಆಗ್ಲಿಲ್ಲ. ಆದ್ರೆ ತಮ್ಮ ನುಡಿಸೋವಾಗ ಅವನ ಮುಖ ನೋಡ್ತಿದ್ದೆ ನೋಡಿ, ಅಷ್ಟು ಸಾಕಾಗಿತ್ತು."

ಕೊನೆಗೆ ಲೆಕ್ಕ ತಪ್ಪಿತು. ರೆಕಾರ್ಡಿನ ಒಂದು ಬದಿಯಲ್ಲಿ ಇಪ್ಪತ್ತೆರಡು ನಿಮಿಷ ಮೀರಕೂಡದು ಎಂದು ಕಂಪನಿಯ ಕಟ್ಟಪ್ಪಣೆ. ಎರಡನೆಯ ಬದಿ ಇಪ್ಪತ್ಮೂರು ನಿಮಿಷ ಮೂವತ್ತೊಂದು ಸೆಕೆಂಡು ಬಂದಿತ್ತು. ರೆಕಾರ್ಡು ಅಚ್ಚಾಗುವ ಊರಿಗೆ ಮಧ್ಯಾಹ್ನದ ಗಾಡಿಯಲ್ಲಿ ಟೇಪು ಹೋಗಬೇಕು. ಹುಡುಗರು ಮನೆಗೆ ಹೋಗಿ ಮಲಗಿದ್ದರು. ಕತ್ತರಿಯಕ್ಕ ಟೇಪನ್ನು ಹಿಂದೆ ಮುಂದೆ ಓಡಿಸಿ ಹುಡುಕಿದರು. ಏಳನೆಯ ಸೇತುವೆಯ ಹತ್ತಿರ ಎಲ್ಲ ವಾದ್ಯಗಳೂ ನಿಂತು, ಡ್ರಮ್ಮಿನ ಮೇಲೆ ಬೆರಳಿನ ತಟತಟ ಮಾತ್ರ ಕೇಳುವ ಜಾಗವಿತ್ತು. ಅಳೆದರು. ಸರಿಯಾಗಿ ತೊಂಬತ್ತೊಂದು ಸೆಕೆಂಡು.

"ಅಲ್ಲಿ ಏನೂ ಇಲ್ಲ ಅನ್ನಿಸ್ತು. ಹೇಳಿ ಮಾಡಿಸಿದ ಹಾಗೆ ಸಿಕ್ತಲ್ಲ ಅಂತ ಖುಷಿನೇ ಆಯ್ತು. ಅವನಿಗೆ ಫೋನ್ ಮಾಡಬಹುದಾಗಿತ್ತು. ಮಾಡಿದ್ರೆ ಬೇಡ ಅಂತಿದ್ದ. ಅದಕ್ಕೇ ಮಾಡ್ಲಿಲ್ಲ."

ರೆಕಾರ್ಡು ಬಂದ ದಿನ ಮನೆಮಂದಿಯೆಲ್ಲ ಸುತ್ತ ಕೂತು ಕೇಳಿದರು. ಏಳನೆಯ ಸೇತುವೆ ಹತ್ತಿರವಾಗುತ್ತಿದ್ದಂತೆ ತಮ್ಮ ಕಣ್ಣು ಮುಚ್ಚಿ ಮಂಡಿಯ ಮೇಲೆ ಬೆರಳಿಟ್ಟ. ಹಾಡು ಅದನ್ನು ದಾಟಿ ಮುಂದೆ ಹೋಯಿತು. ಮುಳ್ಳು ಹಾರಿತೇನೋ ಎಂದುಕೊಂಡು ಎದ್ದು ಹಿಂದಕ್ಕೆ ಇಟ್ಟ. ಮತ್ತೆ ಹಾಗೆಯೇ ಆಯಿತು. ಆಮೇಲೆ ಅಕ್ಕನ ಕಡೆ ತಿರುಗಿ ನೋಡಿದ.

ಜಗಳವಾಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು ಎಂದು ಇವರಿಗೆ ಇಂದಿಗೂ ಅನ್ನಿಸುತ್ತದೆ. ವರ್ಷ ತುಂಬುವುದರೊಳಗೆ ಅವನು ಡ್ರಮ್ಮು ಮಾರಿ ಲಿಫ್ಟ್ ರಿಪೇರಿಯ ಕೆಲಸ ಹಿಡಿದ. ಈಗ ಐವತ್ತೆಂಟು. ಮದುವೆ ಮುಂಜಿ, ಮಂಡಿನೋವು, ಮಕ್ಕಳ ಓದು, ಎಲ್ಲವನ್ನೂ ಇಬ್ಬರೂ ಮಾತಾಡುತ್ತಾರೆ. ಸಂಗೀತವೊಂದನ್ನು ಬಿಟ್ಟು.

ಕತ್ತರಿಯಕ್ಕ ಆ ಕಾದಂಬರಿಯನ್ನು ಓದಿದ್ದು ಹನ್ನೊಂದು ವರ್ಷದ ಮೇಲೆ. ಆರುನೂರು ಪುಟ. ತಮ್ಮನದೇ ಪ್ರತಿ. ಅದರಲ್ಲಿ ಅವನು ಪೆನ್ಸಿಲಿನಿಂದ ಗೆರೆ ಎಳೆದಿದ್ದದ್ದು ಒಂದೇ ಕಡೆ. ಏಳನೆಯ ಸೇತುವೆಯ ಮುಂದೆ ಜೊತೆಗಾರರೆಲ್ಲ ಹೆದರಿ ವಾಪಸ್ಸಾಗುತ್ತಾರೆ, ಹುಡುಗಿ ಬರಿಗಾಲಲ್ಲಿ ಒಬ್ಬಳೇ ನಡೆಯುತ್ತಾಳೆ.

"ಓದಿ ಪುಸ್ತಕ ಮುಚ್ಚಿ ಬಚ್ಚಲಿಗೆ ಹೋಗಿ ಅತ್ತೆ. ಅದು ತಾಳ ಅಲ್ಲ ರೀ, ಆ ಹುಡುಗಿಯ ಹೆಜ್ಜೆ. ಅವಳನ್ನ ಸೇತುವೆ ಮೇಲೇ ಬಿಟ್ಟು ಬಂದಿದ್ದೆ ನಾನು."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಟೇಪು ಮಾತ್ರ ಕತ್ತರಿಸಿದರೂ ಅಂಟಿಸಬಹುದು. ಅಂದು ಹೆಚ್ಚು ಪ್ರತಿ ಖರ್ಚಾಗದ ಆ ರೆಕಾರ್ಡನ್ನು ಈಗ ಎಲ್ಲೆಲ್ಲಿಯವರೋ ಹುಡುಕುತ್ತಿದ್ದಾರಂತೆ. ಸಣ್ಣ ಕಂಪನಿಯೊಂದು ಮತ್ತೆ ಹೊರತರುತ್ತಿದೆ. ಮೂಲ ಟೇಪು ಇವರ ಕಟ್ಟೆಗೇ ಬಂತು. ಡಬ್ಬಿ ತೆಗೆಯಲು ಅದು ನೆಪವಾಯಿತು. ತಮ್ಮನಿಗೆ ಫೋನ್ ಮಾಡಿದಾಗ ಅವನು ಹೇಳಿದ್ದು ಒಂದೇ ಮಾತು, "ನೋಡ್ತೀನಿ."

ಐದು ಹೊಡೆಯುತ್ತದೆ, ಪೆಟ್ಟಿಗೆ ಆರುತ್ತದೆ. ಮಧ್ಯಾಹ್ನ ಎರಡಕ್ಕೆ ಅವನು ಬರುತ್ತಾನೆ, ಕೆಲಸದ ಬಟ್ಟೆಯಲ್ಲೇ. ಕೂರು ಎಂದರೆ ಕೂರುವುದಿಲ್ಲ, ಬೂಟು ಬಿಚ್ಚದೆ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಕತ್ತರಿಯಕ್ಕ ಕಂಪ್ಯೂಟರು ಚಾಲೂ ಮಾಡಿ, ಸುರುಳಿಯ ವಿವರ ಹೇಳಿ ದಾಖಲಿಸುವ ಮೇಜಿನ ಮೈಕನ್ನೂ ತೆರೆದಿಟ್ಟು, ಮಷೀನಿನ ಗುಂಡಿ ಒತ್ತುತ್ತಾರೆ. ಇಂಥ ಟೇಪು ಎರಡನೆಯ ಸಲ ಓಡುತ್ತದೆಂಬ ಭರವಸೆಯಿಲ್ಲ.

ಹೆಜ್ಜೆ ಕೇಳುತ್ತದೆ. ಮೊದಲು ಅನುಮಾನದ ಹೆಜ್ಜೆ, ಆಮೇಲೆ ಗಟ್ಟಿ. ಎಂಬತ್ತನೆಯ ಸೆಕೆಂಡಿಗೆ ದನಿ ಕರಕರ ಎನ್ನುತ್ತದೆ. ಡಬ್ಬಿಯ ತುಕ್ಕು ತಾಗಿದ ಕೊನೆಯ ಭಾಗದಿಂದ ಕಂದು ಪುಡಿ ಮೇಜಿನ ಮೇಲೆ ಉದುರುತ್ತದೆ, ಬರೀ ಪಾರದರ್ಶಕ ಪಟ್ಟಿ ತಿರುಗುತ್ತದೆ. ಹನ್ನೊಂದು ಸೆಕೆಂಡು ಹೋಯಿತು. ಟೇಪು ಸತ್ತರೆ ಯಂತ್ರ ನಿಲ್ಲಿಸುವುದು ಈ ಕೈಗೆ ಅಂಟಿದ ಚಾಳಿ. ಕತ್ತರಿಯಕ್ಕನ ಕೈ ಮಷೀನನ್ನೂ ಕಂಪ್ಯೂಟರನ್ನೂ ನಿಲ್ಲಿಸಿಬಿಡುತ್ತದೆ.

ಆದರೆ ಹೆಜ್ಜೆ ನಿಂತಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ತಮ್ಮನ ಬೆರಳು ಬಡಿಯುತ್ತಿವೆ, ಅದೇ ನಡೆ, ಅದೇ ಭಾರ. ಹುಡುಗಿ ಸೇತುವೆಯ ಆಚೆ ದಡಕ್ಕೆ ಹೋಗಿ ನಿಲ್ಲುತ್ತಾಳೆ. ಬೆರಳೂ ನಿಲ್ಲುತ್ತವೆ. ನಿಲ್ಲಿಸಿದ್ದ ಕಂಪ್ಯೂಟರಿನಲ್ಲಿ ಆ ಬಡಿತ ದಾಖಲಾಗಿಲ್ಲ.

"ಇನ್ನೊಂದ್ಸಲ ಬಡಿ ಕಣೋ" ಎಂದು ಅಕ್ಕ ಕೇಳಿಕೊಳ್ಳುತ್ತಾರೆ.

ಅವನು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಾನೆ. "ಏನು ಬಡಿದೆ ಅಂತ ನಂಗೇ ಗೊತ್ತಿಲ್ಲ ಅಕ್ಕಾ. ಬಿಡು, ಅಂಥಾದ್ದೇನೂ ಇರ್ಲಿಲ್ಲ ಅಲ್ಲಿ. ನಾನಾಗಿದ್ರೂ ಅದನ್ನೇ ಕತ್ತರಿಸ್ತಿದ್ದೆ." ಎಲ್ಲೋ ಲಿಫ್ಟ್ ಸಿಕ್ಕಿಕೊಂಡಿದೆಯೆಂದು ಹೊರಟುಬಿಡುತ್ತಾನೆ. ಅವನ ಸುಳ್ಳು ಅವನ ಅಕ್ಕನಿಗೆ ಗೊತ್ತಾಗದೇ ಇರುತ್ತದೆಯೇ? ಇಷ್ಟು ವರ್ಷ ಸುಮ್ಮನಿದ್ದದ್ದಕ್ಕಿಂತ ಈ ಸುಳ್ಳು ಅವರಿಗೆ ಹೆಚ್ಚು ನೋಯುತ್ತದೆ.

"ಎರಡನೇ ಸಲ ಕತ್ತರಿಸಿದೆ ಅವನನ್ನ" ಎನ್ನುತ್ತ ಮೇಜಿನ ಮೇಲಿನ ಕಂದು ಪುಡಿಯನ್ನು ಅಂಗೈಗೆ ಬಳಿದುಕೊಳ್ಳುತ್ತಾರೆ. ಬಿಸಾಡಲು ಮನಸ್ಸಾಗದೆ ಡಬ್ಬಿಗೇ ಹಾಕುತ್ತಾರೆ.

ಸಂಜೆಯ ಹೊತ್ತಿಗೆ ಎಂಬತ್ತು ಸೆಕೆಂಡು ತನ್ನ ಜಾಗಕ್ಕೆ ಹೋಗಿ ಸೇರಿದೆ. ಉಳಿದ ಹನ್ನೊಂದನ್ನು ಇವರು ಜೋಡಿಸಿ ಮುಚ್ಚಿಲ್ಲ, ಖಾಲಿಯೇ ಬಿಟ್ಟಿದ್ದಾರೆ. ಅಂದಿನ ರೆಕಾರ್ಡಿನ ರಟ್ಟಿನ ಹಿಂಬದಿಯಲ್ಲಿ ಚಹಾ ತಂದುಕೊಟ್ಟವನಿಗೂ ಕೃತಜ್ಞತೆಯಿತ್ತು, ಕತ್ತರಿಯಕ್ಕನ ಹೆಸರಿರಲಿಲ್ಲ. ಈ ಸಲ ಆ ಅನ್ಯಾಯ ಸರಿಪಡಿಸುತ್ತೇವೆ, ಏನೆಂದು ಹಾಕೋಣ ಎಂದು ಕಂಪನಿಯ ಹುಡುಗಿ ಫೋನಿನಲ್ಲಿ ಕೇಳುತ್ತಾಳೆ.

"ಹೆಸರು ಹಾಕಿದ್ರೂ ಸರಿ, ಬಿಟ್ರೂ ಬೇಜಾರಿಲ್ಲಮ್ಮ. ಒಂದು ಸಾಲು ಮಾತ್ರ ಬಿಡಬೇಡ, ಬರ್ಕೋ" ಎನ್ನುತ್ತಾರೆ ಕತ್ತರಿಯಕ್ಕ. "ಏಳನೇ ಸೇತುವೆಯನ್ನ ಕತ್ತರಿಸಿದ್ದು ಡ್ರಮ್ಮಿನವನ ಅಕ್ಕ. ಅವನನ್ನ ಒಂದು ಮಾತು ಕೇಳಿರ್ಲಿಲ್ಲ."