ಶಹಸವಾರನ ಹಿಂದೆ ಬಿದ್ದ ಮನ್ಮಥಪ್ಪ

ಭಾಲ್ಕಿಯ ಗಂಜ್ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಮನ್ಮಥಪ್ಪನಿಗೆ ಯಾರನ್ನೂ ನಂಬಿ ಅಭ್ಯಾಸವಿರಲಿಲ್ಲ. ಬೆಲ್ಲದ ಪೆಂಟೆ ಬಂದರೆ ನಡುವೆ ಒಡೆದು ಮೂಸುತ್ತಿದ್ದ. ಗಿರಾಕಿ ಹೆಚ್ಚು ನಗುತ್ತ ಮಾತಾಡಿದರೆ ತಕ್ಕಡಿಯ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ. ಲಿಂಗಪೂಜೆಗೆ ಕೂತಾಗಲೂ ಅವನ ಒಂದು ಕಿವಿ ಅಂಗಡಿಯ ಬಾಗಿಲಲ್ಲೇ ಇರುತ್ತಿತ್ತು. ಜಗತ್ತಿನಲ್ಲಿ ಅವನು ಪೂರ್ತಿಯಾಗಿ ನಂಬಿದ್ದು ಒಬ್ಬನನ್ನೇ. ಆ ಒಬ್ಬನನ್ನು ಅವನು ಎಂದೂ ಕಂಡಿರಲಿಲ್ಲ.

ಅವನ ಹೆಸರು ಶಹಸವಾರ, ಅಂದರೆ ಪಳಗಿದ ಕುದುರೆ ಸವಾರ. ನಿಜಾಮರ ಕಾಲಕ್ಕೆ ಹೈದರಾಬಾದಿನಿಂದ ‘ಮರ್ದ್-ಎ-ಮೈದಾನ’ ಎಂಬ ಉರ್ದು ಮಾಸಪತ್ರಿಕೆ ಬರುತ್ತಿತ್ತು. ಗಂಡಸರಿಗೆಂದೇ ಹೊರಡುತ್ತಿದ್ದ ಪತ್ರಿಕೆ. ಮುಖಪುಟದ ಮೇಲೆ ತಿಂಗಳಿಗೊಬ್ಬ ಪೈಲವಾನ, ಒಳಗೆ ಕುಸ್ತಿಯ ಪಟ್ಟು, ಶಿಕಾರಿಯ ಸುದ್ದಿ, ಹಕೀಮರ ಲೇಹ್ಯ, ಮೀಸೆಗೆ ಹಚ್ಚುವ ಮೇಣದ ಜಾಹೀರಾತು. ಕೊನೆಯ ಪುಟಗಳಲ್ಲಿ ಶಹಸವಾರ ತನ್ನ ಕರಿಯ ಕುದುರೆ ಶಬ್‌ರಂಗನ ಬಗ್ಗೆ ಬರೆಯುತ್ತಿದ್ದ. ಉರ್ದು ಸಾಲಿಯಲ್ಲಿ ಓದಿದ ಮನ್ಮಥಪ್ಪ ಆಗ ಉಗ್ಗುವ ಹುಡುಗ. ಮಾಸ್ತರು ಪಾಠ ಒಪ್ಪಿಸೆಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು, ಬೆನ್ನ ಮೇಲೆ ಛಡಿ ಬೀಳುತ್ತಿತ್ತು. ಒಂದು ದಿನ ವಾಚನಾಲಯದಲ್ಲಿ ಅವನು ಓದಿದ: ‘ಹೆದರಿದ ಕುದುರೆಯನ್ನು ಹೊಡೆಯಬೇಡ. ಅದಕ್ಕೆ ಏನು ಕಂಡಿತೆಂದು ನೀನೂ ಬಗ್ಗಿ ನೋಡು.’ ತನ್ನ ಬೆನ್ನಿಗೇ ಯಾರೋ ಕೈಯಿಟ್ಟಂತಾಯಿತು. ಅಂದಿನಿಂದ ಮಾತು ಕಚ್ಚಿಕೊಂಡಾಗಲೆಲ್ಲ ಅವನು ತನ್ನನ್ನು ತಾನು ಬೈಯುವುದು ಬಿಟ್ಟ, ಸ್ವಲ್ಪ ತಡೆದು ಮಾತಾಡುವುದು ಕಲಿತ. ಉಗ್ಗು ಕ್ರಮೇಣ ಹೋಯಿತು.

ಪೊಲೀಸ್ ಕಾರ್ಯಾಚರಣೆಯ ವರ್ಷ, ನಲವತ್ತೆಂಟರಲ್ಲಿ, ಪತ್ರಿಕೆ ನಿಂತುಹೋಯಿತು. ಆಮೇಲೆ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಗಳ ಮೇಲಿನ ಉರ್ದು ಫಲಕಗಳು ಇಳಿದವು, ಕನ್ನಡದವು ಏರಿದವು. ಮನೆಮನೆಗಳಿಂದ ಉರ್ದು ಕಾಗದ ರದ್ದಿಗೆ ಬರತೊಡಗಿತು. ಎಳ್ಳು ಕಟ್ಟಿಕೊಡಲು ಮನ್ಮಥಪ್ಪ ತರಿಸಿದ ರದ್ದಿಯ ಗಂಟಿನಲ್ಲಿ ಒಂದು ಮಧ್ಯಾಹ್ನ ಮೀಸೆಯ ಪೈಲವಾನನೊಬ್ಬ ಅವನತ್ತ ನೋಡಿದ. ಮನ್ಮಥಪ್ಪ ಕಟ್ಟುತ್ತಿದ್ದ ಪುಡಿಕೆ ಬಿಟ್ಟು ಅಲ್ಲೇ ಕೂತು ಓದಿದ. ಗಿರಾಕಿ ಎರಡು ಸಲ ಕರೆದು ಹೊರಟುಹೋದ.

ಅಲ್ಲಿಂದ ಹಳೆಯ ಸಂಚಿಕೆ ಕೂಡಿಹಾಕುವ ಹುಚ್ಚು ಹಿಡಿಯಿತು. ಅಂಗಡಿಗೆ ರಜೆ ಇದ್ದ ದಿನ ಕರಿಕೋಟು ತೊಟ್ಟು ರೈಲಿನಲ್ಲಿ ಬೀದರಕ್ಕೆ, ಅಲ್ಲಿಂದ ಮೋಟಾರಿನಲ್ಲಿ ಔರಾದಕ್ಕೆ ಹೋಗುತ್ತಿದ್ದ. ಯಾಕೆ ಬೇಕೆಂದು ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ದರ ಏರಿಸುತ್ತಾರೆಂಬ ಸಂಶಯ. ತಂದದ್ದನ್ನು ಸಂದೂಕಿನಲ್ಲಿಟ್ಟು ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಳ್ಳುತ್ತಿದ್ದ. ಹೆಂಡತಿ ಗುಂಡಮ್ಮ ಒಮ್ಮೆ ಮುಖಪುಟ ನೋಡಿ, “ಮೈಮ್ಯಾಲ ಅರಿವಿ ಇಲ್ಲದ ಗಂಡಸರ ಚಿತ್ರ ಕೂಡಿಟ್ಟು ಏನ್ ಮಾಡ್ತೀರಿ?” ಎಂದು ಕೇಳಿದ್ದಳು. ಅವನು ಸಂದೂಕಿಗೆ ಕೀಲಿ ಹಾಕಿದ.

ಕೆಲವು ತಿಂಗಳು ಎಲ್ಲ ಸಸೂತ್ರ ನಡೆಯಿತು. ಆಮೇಲೆ ಬೀದರದ ರದ್ದಿ ವ್ಯಾಪಾರಿ ಸುಭಾನ ಇಲ್ಲವೆಂದು ಕೈಯಾಡಿಸಿದ. “ಇದ್ವು ಶೇಠಜಿ, ಹೋದ್ವು. ನಿನ್ನಿ ಒಯ್ದ್ರು.”

“ಯಾರು?”

“ಹೆಸರು ಕೇಳಿ ರದ್ದಿ ಮಾರ್ತಾರೇನ್ರಿ?”

ಔರಾದದಲ್ಲಿ ಕ್ಷೌರದಂಗಡಿಯ ಕಾಶೀರಾಮ ಕಾಯುವ ಗಿರಾಕಿಗಳಿಗೆಂದು ಹಳೆಯ ಸಂಚಿಕೆಗಳನ್ನು ಬೆಂಚಿನ ಮೇಲಿಡುತ್ತಿದ್ದ. ಮನ್ಮಥಪ್ಪ ಹೋದಾಗ ಬೆಂಚು ಬರಿದಾಗಿತ್ತು.

“ಬಳೆಗಾರ್ತಿ ಒಬ್ಬಕಿ ಬಂದಿದ್ಳರಿ. ಒಲಿ ಹೊತ್ತಿಸ್ಲಿಕ್ಕ ಬೇಕಂದ್ಳು, ಕೊಟ್ಟೆ,” ಎಂದ ಕಾಶೀರಾಮ.

“ಒಲಿಗೆ ಬ್ಯಾರೆ ಕಾಗದ ಇರ್ಲಿಲ್ಲೇನು?”

“ನಾನೂ ಕೇಳ್ದೆ. ಪೈಲವಾನರ ಚಿತ್ರ ಇದ್ದದ್ದೇ ಬೇಕು ಅಂದ್ಳು.”

ಮನ್ಮಥಪ್ಪನ ತಲೆ ಕೆಟ್ಟಿತು. ಬಳೆಗಾರ್ತಿಗೆ ಗಂಡಸರ ಪತ್ರಿಕೆ ಯಾಕೆ? ಅವಳನ್ನು ಯಾರೋ ಕಳಿಸುತ್ತಿದ್ದಾರೆ. ಯಾರು? ಸುಭಾನನೇ ಬೆಲೆ ಏರಿಸಲು ಆಟ ಹೂಡಿರಬಹುದು. ಮೈಸೂರು ಕಡೆಯಿಂದ ಬಂದ ಹೊಸ ಅಧಿಕಾರಿಗಳು ಉರ್ದು ಕಾಗದ ತನಿಖೆ ಮಾಡುತ್ತಿರಬಹುದು. ಮೋಟಾರಿನ ಕಿಟಕಿಗೆ ಹಣೆಯೊತ್ತಿ ಕೂತವನಿಗೆ ದತ್ತಾತ್ರಿಯ ಮುಖ ಕಂಡಿತು. ಸಾಲಿ ಮಾಸ್ತರ ದತ್ತಾತ್ರಿ ಅವನ ಬಾಲ್ಯದ ಗೆಳೆಯ. ವಾಚನಾಲಯದಲ್ಲಿ ಒಂದೇ ಸಂಚಿಕೆಯನ್ನು ಇಬ್ಬರೂ ತಲೆಗೆ ತಲೆ ಹಚ್ಚಿ ಓದಿದವರು. ಸಂದೂಕಿನಲ್ಲಿ ಏನಿದೆಯೆಂದು ಗೊತ್ತಿದ್ದವನು ಅವನೊಬ್ಬನೇ.

ಮರುದಿನ ದತ್ತಾತ್ರಿ ಎಂದಿನಂತೆ ಅಂಗಡಿಗೆ ಬಂದು ಗೋಣಿಚೀಲದ ಮೇಲೆ ಕೂತ. ಮನ್ಮಥಪ್ಪ ಚಹಾ ತರಿಸಿಕೊಟ್ಟು ನೇರವಾಗಿ ಕೇಳಿದ: “ಬಳೆಗಾರ್ತಿಗಿ ಎಷ್ಟು ಕೊಡ್ತಿ?”

“ಯಾವ ಬಳೆಗಾರ್ತಿ?”

“ಗೊತ್ತಿಲ್ಲದವ್ರಂಗ ಮಾಡಬ್ಯಾಡ. ನನಗಿಂತ ಮುಂಚೆ ಊರೂರಿಗೆ ಕಳಿಸ್ತಿ.”

ದತ್ತಾತ್ರಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವನು ಬಟ್ಟಲು ಕೆಳಗಿಟ್ಟ. “ನನಗ ಬೇಕಿದ್ರ ನಿನ್ನ ಕೇಳ್ತಿದ್ದೆ ಮನ್ಮಥ. ನೀ ಕೊಡಂಗಿಲ್ಲ ಅಂತ ಗೊತ್ತದ. ಆದ್ರೂ ನಿನ್ನೇ ಕೇಳ್ತಿದ್ದೆ,” ಎಂದು ಎದ್ದು ಹೋದ. ಆಮೇಲೆ ಗೋಣಿಚೀಲದ ಮೇಲೆ ಅವನು ಕೂರಲಿಲ್ಲ. ರಸ್ತೆಯಲ್ಲಿ ಎದುರಾದರೆ ನಮಸ್ಕಾರ ಮಾಡುತ್ತಿದ್ದ, ಅಪರಿಚಿತರಿಗೆ ಮಾಡುವ ಹಾಗೆ.

ಶ್ರಾವಣ ಹತ್ತಿರ ಬಂದಾಗ ಭಾಲ್ಕಿ ಸ್ಟೇಶನ್ನಿನಲ್ಲಿ ಬಳೆಗಾರ್ತಿಯೇ ಕಣ್ಣಿಗೆ ಬಿದ್ದಳು. ತಲೆಯ ಮೇಲೆ ಬಳೆಯ ಬುಟ್ಟಿ, ಕಂಕುಳಲ್ಲಿ ಬಟ್ಟೆ ಸುತ್ತಿದ ಗಂಟು. ಗಂಟಿನ ಮೂಲೆಯಿಂದ ಪೈಲವಾನನ ಒಂದು ತೋಳು ಹೊರಗೆ ಕಾಣುತ್ತಿತ್ತು. ಮನ್ಮಥಪ್ಪ ಎಣ್ಣೆಯ ಡಬ್ಬಿ ಬಿಡಿಸಿಕೊಳ್ಳಲು ಕರಿಕೋಟು ತೊಟ್ಟು ಬಂದವನು ಅದನ್ನು ಅಲ್ಲೇ ಬಿಟ್ಟು ಅವಳು ಹತ್ತಿದ ರೈಲಿಗೇ ಹತ್ತಿದ. ಬೀದರದಲ್ಲಿ ಇಳಿದು ಚೌಬಾರಾ ಗೋಪುರದ ಹತ್ತಿರ ಸುಳಿದು, ಓಣಿ ದಾಟಿ, ಅವಳು ಒಂದು ಹಳೆಯ ಮನೆಯ ಕಮಾನಿನ ಬಾಗಿಲಿಗೆ ಹೋದಳು. ಇವನೂ ಹಿಂದೆಯೇ ಹೋಗಿ ಬಾಗಿಲಿಗೆ ಕೈಯಿಟ್ಟ.

“ಯಾರ್ರಿ ನೀವು? ಹೆಣ್ಮಕ್ಕಳ ಹಿಂದ ಯಾಕ ಬಂದ್ರಿ?” ಬಳೆಗಾರ್ತಿ ಕೂಗಿದಳು.

“ಆ ಗಂಟು ಯಾರಿಗಿ ಒಯ್ತಿ ಅದನ್ನ ಹೇಳು.”

ಒಳಗಿನಿಂದ ವಯಸ್ಸಾದ ಹೆಂಗಸಿನ ದನಿ ಬಂತು. “ಕುಲಸುಮಬೀ, ಕರಿಕೋಟಿನವ್ರೇನು?”

“ಹೌದು ಬೇಗಂ ಸಾಹೇಬಾ, ಅವ್ರೇ.”

“ಒಳಗ ಕೂಡ್ಸು. ಬಂದೇಬಿಟ್ಟಾರ, ಇನ್ನ ಓಡಿ ಎಲ್ಲಿಗಿ ಹೋಗ್ಲಿ?”

ಹೊರಕೋಣೆಯಲ್ಲಿ ಚಾಪೆ ಇತ್ತು, ಒಳಬಾಗಿಲಿಗೆ ದಪ್ಪ ಪರದೆ. ಪರದೆಯ ಹಿಂದೆ ಮನೆಯ ಒಡತಿ ಖುರ್ಷಿದ ಬೇಗಂ ಬಂದು ಕೂತ ಸಪ್ಪಳವಾಯಿತು. ಅವಳನ್ನು ಸಾಕಿದವಳು ಮನ್ನಳ್ಳಿಯ ದಾಯಿ, ಹಾಗಾಗಿ ಕನ್ನಡ ಸಲೀಸಾಗಿತ್ತು.

“ಸರಕಾರದವ್ರು ನೀವು, ಅಲ್ಲೇನ್ರಿ? ಈ ಜಿಲ್ಲಾದಾಗ ಉರ್ದು ಕಾಗದ ಹುಡುಕ್ಕೋತ ಕರಿಕೋಟಿನವ್ರೊಬ್ರು ತಿರಗ್ತಾರ ಅಂತ ಸುಭಾನ ಹೇಳ್ದ. ಅವ್ರ ಕೈಗಿ ಬೀಳೂಕ್ಕಿಂತ ಮೊದಲ ಕೂಡಸ್ಬೇಕಂತ ಕುಲಸುಮಬೀನ ಓಡ್ಸಿದೆ.”

“ನಾ ಕಿರಾಣಿ ಅಂಗಡಿಯಾವ. ನೀವು ಯಾರ್ರಿ? ಗಂಡಸರ ಪತ್ರಿಕಿ ನಿಮಗ್ಯಾಕ ಬೇಕು?”

ಪರದೆಯ ಆಚೆ ಹತ್ತಿರ ಸರಿದು ಕೂತ ಸಪ್ಪಳ ಕೇಳಿತು. ಆಮೇಲೆ ಬೇಗಂ ತಗ್ಗಿದ ದನಿಯಲ್ಲಿ ಹೇಳಿದಳು. “ನಂದು ಅದರಾಗ ಅದ. ಶಹಸವಾರ ಅಂತ ಬರಿತಿದ್ದಾಕಿ ನಾನು.”

ಮನ್ಮಥಪ್ಪ ನಕ್ಕ. ಇದೂ ಒಂದು ಆಟ, ತನ್ನ ಸಂದೂಕಿನ ಮೇಲೆ ಕಣ್ಣಿಟ್ಟ ಆಟ ಎಂದುಕೊಂಡ. ವ್ಯಾಪಾರಿಯ ಬುದ್ಧಿ ಓಡಿತು. ಬಲು ವಿನಯದಿಂದ ಕೇಳಿದ: “ಹಂಗಾದ್ರ ಬರೋಬ್ಬರಿ ಆಯ್ತು. ನನಗ ಭಾಳ ಸೇರಿದ್ದು ಒಂದದ. ಹಳ್ಳ ದಾಟವಲ್ದು ಅಂತ ಶಹಸವಾರ ಶಬ್‌ರಂಗಗ ಚಾಬೂಕಿಲೆ ಹೊಡೀತಾನಲ್ರಿ, ಅದು ಯಾವ ವರ್ಷದ್ದು?”

ಪರದೆ ಗಾಳಿಗೆ ಸಿಕ್ಕಂತೆ ಅಲುಗಿತು. “ತೋಬಾ! ಯಾವಾಗ ಹೊಡ್ದಾನ? ಹೊಡ್ದೇ ಇಲ್ಲ! ಶಹಸವಾರ ಜನ್ಮದಾಗ ಕುದುರಿಗಿ ಕೈಯೆತ್ತಿಲ್ಲ! ಯಾರು ಹೇಳಿದ್ರು ನಿಮಗ? ಕುಲಸುಮಬೀ, ಇವ್ರನ್ನ ಹೊರಗ ಹಾಕು! ಓದಿಲ್ಲ ಏನಿಲ್ಲ, ಅವನ ಹೆಸರಿಗಿ ಮಸಿ ಹಚ್ಚಲಿಕ್ಕ ಬಂದಾರ!”

ಅವಳ ದನಿ ನಡುಗುತ್ತಿತ್ತು, ಅಳು ಬಂದಿತ್ತು. ಮನ್ಮಥಪ್ಪ ಚಾಪೆಯ ಮೇಲೆ ಹಾಗೆಯೇ ಕೂತ. ಮೋಸ ಮಾಡುವವರಿಗೆ ಸಿಟ್ಟು ಬರುವ ರೀತಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಇದು ಆ ಸಿಟ್ಟಲ್ಲ.

“ತಪ್ಪಾತ್ರಿ. ಬೇಕಂತನೇ ಕೇಳ್ದೆ,” ಎಂದ. ಎಷ್ಟೋ ವರ್ಷದ ಮೇಲೆ ಅವನ ನಾಲಿಗೆ ತಡವರಿಸಿತು.

ಸಮಾಧಾನವಾದ ಮೇಲೆ ಬೇಗಂ ಎಲ್ಲ ಹೇಳಿದಳು. ಕುದುರೆ ಏರುತ್ತಿದ್ದವರು ಅವಳ ಗಂಡ. ಅವರು ಹೇಳುತ್ತಿದ್ದರು, ಅವಳು ಬರೆಯುತ್ತಿದ್ದಳು. ಬರೆಯಲು ಶುರುಮಾಡಿದ ಮೂರನೆಯ ವರ್ಷ ಅವರು ತೀರಿಕೊಂಡರು. ಸಂಪಾದಕರಿಗೆ ಸುದ್ದಿ ತಿಳಿಸದೆ ಅವಳು ಬರೆಯುತ್ತಲೇ ಹೋದಳು. “ಆಮ್ಯಾಲ ನಾನೇ ಏರ್ದೆ, ಇಲ್ಲೇ ಕೂತು,” ಎಂದಳು. ನಲವತ್ತೆಂಟರ ಗಲಾಟೆಯಲ್ಲಿ ಹೆದರಿದ ಮೈದುನ ಮನೆಯ ಉರ್ದು ಕಾಗದವನ್ನೆಲ್ಲ ಒಲೆಗೆ ಹಾಕಿದ. ಮಕ್ಕಳಿಗೆ ಇವತ್ತಿಗೂ ಗೊತ್ತಿಲ್ಲ. ತಾಯಿ ಸಾವಿರಾರು ಗಂಡಸರೊಡನೆ ಮಾತಾಡಿದ್ದಳೆಂದು ತಿಳಿದರೆ ಏನೆಂದುಕೊಂಡಾರೋ ಎಂಬ ಅಂಜಿಕೆ.

ಮನ್ಮಥಪ್ಪನಿಗೆ ಒಂದನ್ನು ಕೇಳಲೇಬೇಕಿತ್ತು. “ಹೆದರಿದ ಕುದುರೆಗಿ ಹೊಡಿಬ್ಯಾಡ ಅಂತ ಬರ್ದಿದ್ರಲ್ರಿ, ಅದು ಸಾಹೇಬರ ಮಾತೇನು?”

“ಅದು ನಂದು,” ಎಂದಳು ಬೇಗಂ. “ಸಾಹೇಬರು ಹೊಡೀತಿದ್ರು.”

ರೈಲಿನಲ್ಲಿ ಮರಳುವಾಗ ಅವನಿಗೆ ಮೋಸಹೋದಂತೆಯೂ ಅನ್ನಿಸಿತು, ಏನೋ ಸಿಕ್ಕಂತೆಯೂ ಅನ್ನಿಸಿತು. ಊರು ಮುಟ್ಟುವಷ್ಟರಲ್ಲಿ ಸಂಶಯ ಮತ್ತೆ ತಲೆಯೆತ್ತಿತು. ಮುಂದಿನ ಸಲ ಬೀದರಕ್ಕೆ ಹೋದಾಗ ಅಂಚು ಹರಿದ ಎರಡೇ ಸಂಚಿಕೆ ಒಯ್ದು, ಓದಿ ಮರಳಿಸಬೇಕೆಂದು ಕರಾರು ಹಾಕಿದ. ಅವು ಹೊಲಿಗೆ ಹಾಕಿಸಿಕೊಂಡು, ಅಂಚಿಗೆ ತೆಳುಬಟ್ಟೆ ಹಚ್ಚಿಸಿಕೊಂಡು ಮರಳಿ ಬಂದವು, ಜೊತೆಗೆ ಅವನ ಬಳಿ ಇಲ್ಲದ ಇನ್ನೆರಡು. ಅಲ್ಲಿಂದ ಕೊಡುಕೊಳ್ಳುವುದು ಶುರುವಾಯಿತು.

ಬೇಗಂ ಎಲ್ಲ ಹೇಳಿದ ವಾರವೇ ಅವನು ದತ್ತಾತ್ರಿಯ ಮನೆಗೆ ಹೋದ. ಹೆಸರು ಹೇಳುವಂತಿರಲಿಲ್ಲ, “ನೀ ಅಲ್ಲ ಅಂತ ಗೊತ್ತಾತು,” ಎಂದಷ್ಟೇ ಹೇಳಿದ. “ನಂಗ ಮೊದಲೇ ಗೊತ್ತಿತ್ತಲ್ಲ,” ಎಂದ ದತ್ತಾತ್ರಿ, ಒಳಗೆ ಕರೆಯಲಿಲ್ಲ. ಅವನು ಮತ್ತೆ ಅಂಗಡಿಗೆ ಬರಲು ವರ್ಷ ಹಿಡಿಯಿತು. ಬಂದರೂ ಗೋಣಿಚೀಲದ ಮೇಲೆ ಕೂರದೆ ನಿಂತೇ ಮಾತಾಡುತ್ತಿದ್ದ.

ಈಗ ಸಂಶಯಪಡುವ ಸರದಿ ಗುಂಡಮ್ಮನದು. ತಿಂಗಳು ತಿಂಗಳು ಗಂಡ ಕೋಟು ಝಾಡಿಸಿ, ಮೀಸೆ ತೀಡಿ ಬೀದರಕ್ಕೆ ಹೊರಡುವುದನ್ನು ನೋಡಿ ಒಂದು ಬೆಳಿಗ್ಗೆ ಬಾಗಿಲಿಗೆ ಅಡ್ಡ ನಿಂತಳು. “ಚೌಬಾರಾದ ಕಡಿ ಒಂದು ಹೆಂಗಸಿನ ಮನಿಗಿ ಹೋಗ್ತೀರಂತ. ಯಾರ್ರಿ ಅಕಿ?”

ಯಾರಿಗೂ ಹೇಳುವುದಿಲ್ಲವೆಂದು ಮನ್ಮಥಪ್ಪ ಬೇಗಂಗೆ ಮಾತು ಕೊಟ್ಟಿದ್ದ; ಕೋಟು ಬಿಚ್ಚಿ ಗೂಟಕ್ಕೆ ಹಾಕಿದ. ಎರಡು ತಿಂಗಳು ಬೀದರಕ್ಕೆ ಹೋಗಲಿಲ್ಲ, ಮನೆಯಲ್ಲಿ ರೊಟ್ಟಿ ತಣ್ಣಗೇ ಬಂತು. ಕೊನೆಗೆ, ಓಣಿಯ ಹೆಂಗಸರಿಂದ ಸುದ್ದಿ ತಿಳಿದು ಬೇಗಂಗೆ ಮುಟ್ಟಿಸಿದ್ದ ಕುಲಸುಮಬೀ ಬಳೆ ತೊಡಿಸುವ ನೆಪದಿಂದ ಮನೆಗೆ ಬಂದು, “ಬೇಗಂ ಸಾಹೇಬಾ ಅಕ್ಕೋರನ್ನ ಕರ್ಕೊಂಡು ಬರ್ರಿ ಅಂದಾರ,” ಎಂದಳು.

ಗಂಡ ಹೆಂಡತಿ ಕೂಡಿ ಹೋದರು. ಗುಂಡಮ್ಮ ಮುಖ ಬಿಗಿದುಕೊಂಡೇ ಪರದೆ ಸರಿಸಿ ಒಳಗೆ ಹೋದಳು. ಮನ್ಮಥಪ್ಪ ಹೊರಗೆ ಚಾಪೆಯ ಮೇಲೆ ಕೂತ. ಮೊದಲು ಬಳೆಯ ಕಿಣಿಕಿಣಿ. ಆಮೇಲೆ ಪಿಸುಮಾತು. ಆಮೇಲೆ ಗುಂಡಮ್ಮ ಬಿದ್ದುಬಿದ್ದು ನಗುವ ಸದ್ದು ಕೇಳಿಬಂತು, ಬೇಗಂ ನಗುವುದೂ ಕೇಳಿತು. ಅವನು ಕಿವಿಗೊಟ್ಟ, ಒಂದು ಮಾತೂ ತಿಳಿಯಲಿಲ್ಲ. ತನ್ನ ಮೀಸೆಯ ಸುದ್ದಿಯೋ, ಸಂದೂಕಿನ ಸುದ್ದಿಯೋ?

ಹೊರಗೆ ಬಂದವಳ ಕೈತುಂಬ ಹಸಿರು ಬಳೆ. ಓಣಿ ದಾಟುವಾಗ ಅವನು ತಡೆಯಲಾರದೆ ಕೇಳಿದ: “ನೋಡಾಕ ಹ್ಯಾಂಗ ಇದ್ದಾರ?”

“ನಿಮಗ್ಯಾಕ ಬೇಕ್ರಿ ಅದು?” ಎಂದಳು ಗುಂಡಮ್ಮ. “ಏನ್ ಮಾತಾಡಿದ್ರಿ ಅಷ್ಟೊತ್ತು?” ಎಂದದ್ದಕ್ಕೂ ಅದೇ ಉತ್ತರ ಸಿಕ್ಕಿತು. ಸ್ಟೇಶನ್ನಿನ ತನಕ ಮನ್ಮಥಪ್ಪ ಅವಳ ಮುಖವನ್ನು ಓರೆಗಣ್ಣಿನಿಂದ ನೋಡುತ್ತಲೇ ನಡೆದ. ಅವಳು ಆಗಾಗ ತನ್ನಷ್ಟಕ್ಕೇ ನಗುತ್ತಿದ್ದಳು.