ನನ್ನ ಮಗಳ ಇನ್ನೊಂದು ಹೆಸರು

ಕಳೆದ ವಾರ ಚಿಕ್ಕೋಡಿಯಲ್ಲಿ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ರಕ್ತ ಕೊಡಲು ಹೋಗಿದ್ದೆ. ಅಲ್ಲಿನ ಹುಡುಗಿ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ನನ್ನ ತೋಳು ಒರೆಸಿದಳು. ಮೂಗಿಗೆ ಏರುವ ಆ ತಣ್ಣನೆಯ ವಾಸನೆ... ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ. ನಮ್ಮ ಪಕ್ಕದ ಮನೆಯಲ್ಲಿದ್ದ ನರ್ಸಬಾಯಿಯವರ ಸೆರಗಿನಿಂದ ಬರುತ್ತಿದ್ದುದು ಇದೇ ವಾಸನೆ. ಸಂಜೆ ಮಗಳನ್ನು ಅವರ ಕೈಯಿಂದ ಎತ್ತಿಕೊಂಡು ಬಂದರೆ ಅವಳ ಕೂದಲಿಗೂ ಅದೇ ಅಂಟಿರುತ್ತಿತ್ತು. ನಾನು ಹಟ ಹಿಡಿದವಳಂತೆ ಮತ್ತೆ ನೀರು ಕಾಯಿಸಿ, ಅವಳ ತಲೆ ತೊಳೆಯುತ್ತಿದ್ದೆ.

ಮಗಳು ದಿನ ತುಂಬುವ ಮೊದಲೇ ಹುಟ್ಟಿದ್ದಳು. ಹುಟ್ಟಿದಾಗ ಉಸಿರೇ ಇರಲಿಲ್ಲವಂತೆ. ನರ್ಸಬಾಯಿ ಬೆನ್ನು ತಿಕ್ಕಿ, ಬಾಯಿಗೆ ಬಾಯಿಟ್ಟು ಊದಿ, ಅಂತೂ ಅಳಿಸಿದರಂತೆ. ನನಗೆ ಆಗ ಎಚ್ಚರವಿರಲಿಲ್ಲ. ಹೆತ್ತವಳು ನಾನು, ಮೊದಲ ಅಳು ಕೇಳಿದವರು ಅವರು. ಎಲ್ಲರೂ ಅವರಿಗೆ ಕೈ ಮುಗಿದರು, ನಾನೂ ಮುಗಿದೆ. ಆದರೆ ಎದೆಯೊಳಗೆ ಏನೋ ಒಂದು ಚುಚ್ಚಿದ್ದು ಆ ದಿನವೇ.

ನಮ್ಮ ಅತ್ತೆಯ ಹೆಸರನ್ನೇ ಕೂಸಿಗೆ ಚಂದ್ರವ್ವ ಎಂದು ಇಟ್ಟೆವು. ನರ್ಸಬಾಯಿ ಮಾತ್ರ ಅವಳನ್ನು 'ಫೊಯಿಬೆ' ಎಂದು ಕರೆಯುತ್ತಿದ್ದರು. ಗೋಡೆಯಾಚೆಯಿಂದ ಆ ಹೆಸರು ಕೇಳಿದರೆ ಸಾಕು, ಹಾಲು ಕುಡಿಯುತ್ತಿದ್ದ ಕೂಸು ಮೊಲೆ ಬಿಟ್ಟು ಅತ್ತ ತಿರುಗುತ್ತಿತ್ತು. ನಾನು ನೂರು ಸಲ ಚಂದ್ರವ್ವ ಎಂದರೂ ಹಾಗೆ ತಿರುಗುತ್ತಿರಲಿಲ್ಲ. ಮಾತು ಬಂದ ಮೇಲೆ ನನ್ನನ್ನು ಅವ್ವ ಎಂದಳು, ಅವರನ್ನು ಆಯಿ ಎಂದಳು. ನಮ್ಮ ಗಡಿನಾಡಿನಲ್ಲಿ ಎರಡಕ್ಕೂ ತಾಯಿ ಎಂದೇ ಅರ್ಥ.

ಒಂದು ಮಧ್ಯಾಹ್ನ ತಡೆಯದಾಯಿತು. ಅವರು ಹೊಸ್ತಿಲ ಬಳಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಮಗಳು ಅವರ ತೊಡೆಗೆ ಒರಗಿ, ಸುಲಿದದ್ದನ್ನೆಲ್ಲ ತಿನ್ನುತ್ತಿದ್ದಳು.

"ಬಾಯಾರ, ಕೂಸಿಗೆ ನಮ್ಮ ಅತ್ತಿ ಹೆಸರ ಇಟ್ಟೇವಿ. ನೀವು ನಿಮ್ಮ ದೇವರ ಹೆಸರಿಂದ ಕರದ್ರ ಹೆಂಗ್ರಿ?"

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೂ ಜಗಳವಾಡಲು ಒಂದು ದಾರಿಯಾಗುತ್ತಿತ್ತು.

"ದೇವರ ಹೆಸರಲ್ಲ ತಂಗಿ. ನಮ್ಮ ಬೈಬಲ್‌ದಾಗ ಬರೋ ಒಬ್ಬ ಹೆಣ್ಮಗಳದು. ಭಾಳ ಮಂದಿಗೆ ಆಸರಾಗಿದ್ದಾಕಿ. ಸಂತ ಪೌಲ ರೋಮ್ ಊರವರಿಗೆ ಬರದ ಪತ್ರಾನ ಆಕೀನ ಒಯ್ದು ಮುಟ್ಟಿಸಿದ್ಲಂತ."

ಅವರ ತಂದೆ ಚರ್ಚಿನಲ್ಲಿ ಬೋಧಕರಾಗಿದ್ದವರು, ಗ್ರೀಕ್ ಓದಿದವರು. ಹೆಸರಿನ ಬೇರನ್ನು ನರ್ಸಬಾಯಿಗೆ ಅವರೇ ಹೇಳಿಕೊಟ್ಟಿದ್ದರಂತೆ. ಅದು ಗ್ರೀಕ್ ಮಾತು. ಹೊಳೆಯುವವಳು, ಬೆಳಕಿನವಳು ಎಂದು ಅರ್ಥ. ಬೈಬಲ್ಲಿಗಿಂತ ಎಷ್ಟೋ ಹಿಂದೆ ಗ್ರೀಕರ ಹಳೆಯ ದೇವತೆಯೊಬ್ಬಳಿಗೆ ಆ ಹೆಸರಿತ್ತು. ಮುಂದೆ ಕವಿಗಳು ಚಂದ್ರನನ್ನೂ ಹಾಗೆ ಕರೆದರು. ಪತ್ರ ಒಯ್ದ ಆ ಹೆಂಗಸಿಗೂ ಹೆತ್ತವರು ಆ ದೇವತೆಯ ಹೆಸರನ್ನೇ ಇಟ್ಟಿರಬೇಕು ಎಂದರು.

"ಕ್ರಿಸ್ತನ ದಾರಿಗೆ ಬಂದ ಮ್ಯಾಲೂ ಹೆಸರ ಬಿಡಲಿಲ್ಲ ನೋಡವ್ವ. ಹಡದಾಕಿ ಇಟ್ಟ ಹೆಸರು... ಚಂದ್ರವ್ವ ಅಂದ್ರೂ ಬೆಳಕ, ಫೊಯಿಬೆ ಅಂದ್ರೂ ಬೆಳಕ. ನೀ ಇಟ್ಟ ಹೆಸರನ್ನ ನಾ ಕರಿಯಾಕತ್ತೀನಿ."

ಅರ್ಥ ತಿಳಿದ ಮೇಲೆ ಹೊಟ್ಟೆಯುರಿ ತಣ್ಣಗಾಗಬೇಕಿತ್ತು. ಆಗಲಿಲ್ಲ. ನಾವು ಹೆಸರಿಟ್ಟದ್ದು ಅತ್ತೆಯ ಮನಸ್ಸಿಗಾಗಿ. ಅದರಲ್ಲಿ ಬೆಳಕಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಅದನ್ನೂ ಅವರೇ ಕಂಡುಹಿಡಿದಿದ್ದರು. ಮನೆಗೆ ಬಂದು ಮಗಳ ಮುಖ ಹಿಡಿದು ಮೆಲ್ಲಗೆ "ಫೊಯಿಬೆ" ಎಂದೆ. ಅವಳು ನಕ್ಕುಬಿಟ್ಟಳು.

"ಅವ್ವಾ, ಅದು ಆಯಿ ಕರಿಯೋದು. ನೀ ಅನಬ್ಯಾಡ."

ಮಗಳು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ನರ್ಸಬಾಯಿ ನಿವೃತ್ತರಾಗಿ ಮಿರಜಿನ ತಮ್ಮನ ಮನೆಗೆ ಹೋದರು. ಟೆಂಪೋಗೆ ಸಾಮಾನು ಏರಿಸುವಾಗ ನಾನು ಚಪಾತಿ ಕಟ್ಟಿಕೊಟ್ಟೆ, ಕಣ್ಣೂ ಒರೆಸಿಕೊಂಡೆ. ಒಳಗೊಳಗೆ ಮಾತ್ರ, ಇನ್ನು ಮಗಳು ಪೂರ್ತಿ ನನ್ನವಳು ಎಂದುಕೊಂಡಿದ್ದೆ. ಎಲ್ಲಿಯ ಮಾತು! ರಜೆ ಬಂದರೆ ಅವಳು ಮಿರಜಿನ ಬಸ್ ಹತ್ತುತ್ತಿದ್ದಳು. ಮುಂದೆ ನರ್ಸಿಂಗ್ ಕಲಿತಳು. ಯಾರನ್ನು ನೋಡಿ ಕಲಿತಳು ಎಂದು ನಾನು ಕೇಳಲಿಲ್ಲ. ಅಥಣಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಪ್ರತಿ ಭಾನುವಾರ ನನಗೊಂದು ಫೋನ್, ಅವರಿಗೊಂದು ಫೋನ್. ನನ್ನ ಜತೆ ಊಟ, ಔಷಧಿ, ಮಳೆ. ಅವರ ಜತೆ ಏನು ಮಾತಾಡುತ್ತಿದ್ದಳೋ... ಅರ್ಧ ತಾಸಾದರೂ ಮುಗಿಯುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಗಳ ಜತೆ ನಾನೂ ಮಣ್ಣಿಗೆ ಹೋದೆ. ಗುರುತಿಲ್ಲದ ಅಷ್ಟು ಜನರ ನಡುವೆ ಅವಳು ಪೆಟ್ಟಿಗೆಯ ಅಂಚು ಹಿಡಿದುಕೊಂಡು, ಎಳೆದರೂ ಬಿಡದೆ ಅಳುತ್ತಿದ್ದಳು. ವಯಸ್ಸಾದ ಹೆಂಗಸೊಬ್ಬಳು ಹತ್ತಿರ ಬಂದು, "ನೀ ಬಾಯಾರಿಗೆ ಏನಾಗಬೇಕವ್ವ?" ಎಂದಳು.

"ಮಗಳರಿ," ಎಂದಳು.

ಆ ಹೆಂಗಸು ನನ್ನ ಕಡೆ ನೋಡಿದಳು. "ಇವರು?"

"ಇವರು ನಮ್ಮವ್ವ."

ನನ್ನ ಕೈಗೂ ಒಂದು ಹಿಡಿ ಮಣ್ಣು ಕೊಟ್ಟರು. ಹಾಕಿದೆ. ನಾನು ಸತ್ತಾಗಲೂ ಇವಳು ಹೀಗೆಯೇ ಅಳುತ್ತಾಳೆಯೇ ಎಂದು ಆ ಹೊತ್ತಿನಲ್ಲೂ ಅನ್ನಿಸಿತು. ಅಂಥ ಜಾಗದಲ್ಲೂ ಮನಸ್ಸು ಸುಮ್ಮನಿರಲಿಲ್ಲ.

ಈಗ ಭಾನುವಾರದ ಫೋನ್ ಒಂದೇ. ಅವರ ಪಾಲಿನ ಮಾತೂ ನನಗೇ ಬರುತ್ತಿದೆ: ವಾರ್ಡಿನ ಕಥೆ, ಉಳಿದ ಕೂಸು, ಉಳಿಯದ ಕೂಸು. ಎಷ್ಟು ವರ್ಷ ಬಯಸಿದ್ದೆ ಇದನ್ನು. ಮೊನ್ನೆ ಯಾವುದೋ ಹೆರಿಗೆಯ ಸುದ್ದಿ ಹೇಳುತ್ತ ಹೇಳುತ್ತ, "ಆಮ್ಯಾಲ ಏನಾತಂದ್ರ ಆಯಿ..." ಎಂದವಳು ತಟ್ಟನೆ ನಿಂತಳು. ನಾನು ತಿದ್ದಲಿಲ್ಲ. ಫೋನನ್ನು ಇನ್ನೊಂದು ಕಿವಿಗೆ ಒತ್ತಿಕೊಂಡು, "ಹೂಂ, ಆಮ್ಯಾಲ?" ಎಂದೆ.